ಗಂಟೆಯ ಕಂಬಗಳ ಹಾದಿಯಲ್ಲಿ: ಕ್ಯಾಲಿಫೋರ್ನಿಯಾದ ಮಿಷನ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೋಡಲೇಬೇಕಾದ ಹಳೆಯ ಕಟ್ಟಡಗಳು ಯಾವುವು ಎಂದು ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು. ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಮಿಷನ್‌ಗಳನ್ನು ತಪ್ಪದೆ ನೋಡಿರಿ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ್ದೆ. ಆ ಸಾಲನ್ನು ಓದಿ ಹಲವರು ಬರೆದಿದ್ದಾರೆ. ಆ ಪತ್ರಗಳನ್ನು ಓದಿದ ಮೇಲೆ, ನೋಡಿರಿ ಎಂದು ಹೇಳಿ ಏನನ್ನು ನೋಡಬೇಕೆಂದು ಹೇಳದೆ ಬಿಟ್ಟದ್ದು ಸರಿಯಾಗಲಿಲ್ಲ ಎಂದು ಅನ್ನಿಸಿತು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಹನ್ನೊಂದು ವರ್ಷಗಳಿಂದ ಫ್ರೀಮಾಂಟ್‌ನಲ್ಲಿ ನೆಲೆಸಿದ್ದೇವೆ. ಮಿಷನ್ ಸ್ಯಾನ್ ಹೋಸೆ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ. ನಾಲ್ಕನೆಯ ತರಗತಿಯಲ್ಲಿರುವ ಮಗನಿಗೆ ಈ ವರ್ಷ ಮಿಷನ್‌ಗಳ ಪಾಠವಿದೆ. ಕಳೆದ ಭಾನುವಾರ ಅಲ್ಲಿಗೆ ಹೋಗಿ ಬಂದೆವು. ಹಿಂದಿರುಗುವಾಗ ಅವನು, ‘ಅಮ್ಮಾ, ಇಲ್ಲಿದ್ದವರೆಲ್ಲ ಸಂತೋಷವಾಗಿದ್ದರಾ?’ ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಲಿ?
(ಒಬ್ಬ ತಾಯಿ, ಫ್ರೀಮಾಂಟ್)

ಉತ್ತರ: ತಾಯಿ, ನಿಮ್ಮ ಮಗ ಕೇಳಿರುವ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದ ಶಾಲೆಗಳು ಬಹಳ ಕಾಲ ಕೇಳಲೇ ಇಲ್ಲ. ಅಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಸಕ್ಕರೆಯ ಗಟ್ಟಿಗಳನ್ನೋ ಐಸ್‌ಕ್ರೀಮ್ ಕಡ್ಡಿಗಳನ್ನೋ ಜೋಡಿಸಿ ಮಿಷನ್ ಕಟ್ಟಡದ ಮಾದರಿ ಮಾಡಿ ತರುವುದು ದಶಕಗಳ ಕಾಲ ನಡೆದುಬಂದ ಪದ್ಧತಿ. 2016ರಲ್ಲಿ ರಾಜ್ಯದ ಪಠ್ಯಚೌಕಟ್ಟನ್ನು ಪರಿಷ್ಕರಿಸಿದಾಗ, ಇಂಥ ಮಾದರಿಗಳಿಂದ ಮಕ್ಕಳಿಗೆ ಆ ಕಾಲ ಅರ್ಥವಾಗುವುದಿಲ್ಲವೆಂದು ಅದರಲ್ಲಿಯೇ ಬರೆದರು. ಗೋಡೆ, ಕಮಾನು, ಗಂಟೆಗಳನ್ನು ಅಂಟಿಸಿದ ಮಗು ಆ ಗೋಡೆಯೊಳಗೆ ಇದ್ದವರ ಬಗ್ಗೆ ಏನನ್ನೂ ತಿಳಿಯದೆ ಮುಂದಿನ ತರಗತಿಗೆ ಹೋಗುತ್ತಿತ್ತು.

ಮೊದಲು ಮಿಷನ್ ಎಂದರೇನು ಎಂಬುದನ್ನು ಅವನಿಗೆ ಬಿಡಿಸಿ ಹೇಳಿ. ಅದು ಬರಿಯ ಚರ್ಚ್ ಅಲ್ಲ. ಉತ್ತರದಿಂದ ರಷ್ಯನ್ನರು ಇಳಿದು ಬಂದಾರೆಂಬ ಆತಂಕದಲ್ಲಿ ಸ್ಪೇನ್ ದೊರೆತನವು ತನ್ನ ಹಕ್ಕನ್ನು ಊರಲು ಕಂಡುಕೊಂಡ ಉಪಾಯ ಅದು: ಒಂದು ಕಡೆ ಸೈನಿಕರ ಠಾಣೆ, ಇನ್ನೊಂದು ಕಡೆ ಫ್ರಾನ್ಸಿಸ್ಕನ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಮಿಷನ್. 1769ರ ಜುಲೈ 16ರಂದು ಸ್ಯಾನ್ ಡಿಯಾಗೊದಲ್ಲಿ ಮೊದಲನೆಯದು ಆರಂಭವಾಯಿತು. 1823ರಲ್ಲಿ, ಆ ಪ್ರಾಂತ ಸ್ವತಂತ್ರ ಮೆಕ್ಸಿಕೋದ ಕೈಗೆ ಬಂದ ಮೇಲೆ, ಸೊನೋಮಾದಲ್ಲಿ ಇಪ್ಪತ್ತೊಂದನೆಯದು ಮತ್ತು ಕೊನೆಯದು. ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಿ, ಬೇಸಾಯ ಮತ್ತು ಕಸುಬುಗಳನ್ನು ಕಲಿಸಿ, ಸುಮಾರು ಹತ್ತು ವರ್ಷಗಳಲ್ಲಿ ಜಮೀನನ್ನು ಅವರಿಗೇ ಒಪ್ಪಿಸಿ ಪಾದ್ರಿಗಳು ಮುಂದೆ ಸಾಗಬೇಕೆಂಬುದು ಕಾಗದದ ಮೇಲಿನ ಯೋಜನೆ. ಆ ಹತ್ತು ವರ್ಷ ಎಲ್ಲಿಯೂ ಮುಗಿಯಲಿಲ್ಲ.

ಒಳಗಿನ ದಿನಚರಿಯನ್ನು ಗಂಟೆ ಆಳುತ್ತಿತ್ತು. ಏಳಲು ಒಂದು ಗಂಟೆ, ಪ್ರಾರ್ಥನೆಗೆ ಒಂದು, ಕೆಲಸಕ್ಕೆ ಒಂದು, ಊಟಕ್ಕೆ ಒಂದು. ಹಸಿ ಇಟ್ಟಿಗೆ ಕೊಯ್ದವರು, ಹೆಂಚು ಸುಟ್ಟವರು, ಗೋಧಿ ಬಿತ್ತಿದವರು, ಸಾವಿರಾರು ದನಗಳನ್ನು ಕಾದವರು, ಅವುಗಳ ತೊಗಲು ಸುಲಿದು ಕೊಬ್ಬು ಕಾಯಿಸಿದವರು, ಮಗ್ಗದಲ್ಲಿ ಕಂಬಳಿ ನೇಯ್ದವರು, ಎಲ್ಲರೂ ಮೂಲನಿವಾಸಿಗಳೇ. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು ಪಾದ್ರಿಯ ಅಪ್ಪಣೆಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ಹೋದರೆ ಸೈನಿಕರು ಬೆನ್ನಟ್ಟಿ ಹಿಡಿದು ತರುತ್ತಿದ್ದರು. ಚಾಟಿಯೇಟು, ಕೋಳ ಕಾದಿರುತ್ತಿದ್ದವು. ಸ್ವಲ್ಪ ದೊಡ್ಡವರಾದ ಹೆಣ್ಣುಮಕ್ಕಳನ್ನೂ ಮದುವೆಯಾಗದ ಹೆಂಗಸರನ್ನೂ ‘ಮೊನ್‌ಹೆರಿಯೊ’ ಎಂಬ ಕೋಣೆಯಲ್ಲಿ ರಾತ್ರಿ ಕೂಡಿ ಬೀಗ ಹಾಕುತ್ತಿದ್ದರು. ಗಾಳಿ ಬೆಳಕು ಕಡಿಮೆಯಿದ್ದ ಆ ಕೋಣೆಗಳಲ್ಲಿ ರೋಗ ಹೇಗೆ ಹಬ್ಬಿರಬಹುದೆಂದು ಯಾರೂ ಊಹಿಸಬಹುದು.

ಹಾಗಾದರೆ ಜನ ಅಲ್ಲಿಗೆ ಹೋದದ್ದಾದರೂ ಏಕೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಕೆಲವರು ಕುತೂಹಲದಿಂದ, ಕೆಲವರು ಹೊಸ ಬಟ್ಟೆ, ಮಣಿ, ಕಬ್ಬಿಣದ ಸಾಮಾನಿನ ಆಸೆಯಿಂದ, ಕೆಲವರು ಮಕ್ಕಳಿಗೆ ದೀಕ್ಷಾಸ್ನಾನವಾಯಿತೆಂದು ಅವರ ಹಿಂದೆಯೇ ಹೋದರು. ಮತ್ತೊಂದು ಕಾರಣ ಮೆಲ್ಲಗೆ ಕೆಲಸ ಮಾಡಿತು. ಆ ಜನ ಓಕ್ ಮರದ ಕಾಯಿಯನ್ನೂ ಹುಲ್ಲಿನ ಬೀಜಗಳನ್ನೂ ಆಯ್ದು, ಒಣಗಿಸಿ, ಕೂಡಿಟ್ಟು ಬದುಕುತ್ತಿದ್ದರು. ಹೊಲದಂತೆಯೇ ಕಾಡನ್ನೂ ಕಾಲಕಾಲಕ್ಕೆ ಬೆಂಕಿಯಿಟ್ಟು ಹದಮಾಡಿಕೊಂಡಿದ್ದರು. ಮಿಷನ್ನಿನ ದನಗಳು ಹುಲ್ಲನ್ನು ಮೇಯ್ದು ಮುಗಿಸಿದವು, 1793ರಲ್ಲಿ ಗವರ್ನರನು ಹುಲ್ಲುಗಾವಲಿಗೆ ಬೆಂಕಿ ಇಡುವುದನ್ನೇ ನಿಷೇಧಿಸಿದನು. ಅನ್ನದ ಮೂಲ ಹೋದವನಿಗೆ ಅನ್ನವಿರುವ ಕಡೆ ಹೋಗುವುದು ಆಯ್ಕೆ ಎನ್ನಿಸಿಕೊಳ್ಳುತ್ತದೆಯೆ?

ಇನ್ನು ನಿಮ್ಮ ಊರಿನ ಮಿಷನ್. ಅದು 1797ರ ಜೂನ್ 11ರಂದು ಓಲೋನಿ ಜನರ ನೆಲದಲ್ಲಿ ಆರಂಭವಾಯಿತು. ನೀವು ಕಂಡ ಬಿಳಿಯ ಚರ್ಚ್ ಹಳೆಯದಲ್ಲ. ಮೊದಲಿನದು 1868ರ ಹೇವರ್ಡ್ ಭೂಕಂಪದಲ್ಲಿ ಕುಸಿಯಿತು, ಈಗಿನದನ್ನು ಅದೇ ಜಾಗದಲ್ಲಿ ಅದೇ ರೂಪದಲ್ಲಿ 1985ರ ಹೊತ್ತಿಗೆ ಮರಳಿ ಕಟ್ಟಿದರು. ಅಲ್ಲಿ ನಾರ್ಸಿಸೊ ದುರಾನ್ ಎಂಬ ಪಾದ್ರಿ ಮೂಲನಿವಾಸಿ ಹುಡುಗರಿಗೂ ಗಂಡಸರಿಗೂ ಸಂಗೀತ ಕಲಿಸಿ ಪಿಟೀಲು, ಕೊಳಲುಗಳ ಮೇಳವನ್ನೇ ಕಟ್ಟಿದ್ದ. ಅವರ ಹಾಡಿಕೆ ಸುತ್ತಲ ಪ್ರಾಂತದಲ್ಲೆಲ್ಲ ಹೆಸರಾಗಿತ್ತು. ಅದೇ ಮಿಷನ್ನಿನಲ್ಲಿ ಎಸ್ಟಾನಿಸ್ಲಾವೊ ಎಂಬ ಯೋಕಟ್ಸ್ ಜನಾಂಗದವನೊಬ್ಬ ತನ್ನವರ ಮೇಲಿನ ಮುಖಂಡನಾಗಿ ನೇಮಕಗೊಂಡಿದ್ದ. 1828ರ ಸುಮಾರಿಗೆ ಊರಿಗೆ ಹೋದವನು ಹಿಂದಿರುಗುವುದಿಲ್ಲವೆಂದು ಹೇಳಿ ಕಳುಹಿಸಿ, ನೂರಾರು ಜನರನ್ನು ಕೂಡಿಸಿಕೊಂಡು, ಮೆಕ್ಸಿಕನ್ ಸೈನಿಕರನ್ನು ಒಂದಕ್ಕಿಂತ ಹೆಚ್ಚು ಸಲ ಹಿಮ್ಮೆಟ್ಟಿಸಿದ. ಕೊನೆಗೆ ಸೋತು ಮಿಷನ್ನಿಗೇ ಬಂದಾಗ ಅವನಿಗೆ ಆಶ್ರಯ ಕೊಟ್ಟು ಕ್ಷಮೆ ಕೊಡಿಸಿದವನು ಅದೇ ದುರಾನ್. ನೀವು ಯೊಸೆಮಿಟಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಸ್ಟಾನಿಸ್ಲಾಸ್ ಎಂಬ ಕೌಂಟಿಯ ಹೆಸರು, ಆ ಹೆಸರಿನ ನದಿ, ಎರಡೂ ಅವನವೇ. ಈ ಒಂದು ಕಥೆಯನ್ನು ಮಗನಿಗೆ ಹೇಳಿ. ಸಂಗೀತ ಕಲಿಸಿದ ಕೈ, ಬೀಗ ಹಾಕಿದ ಕೈ, ಕ್ಷಮೆ ಬೇಡಿದ ಕೈ ಒಂದೇ ಆಗಿತ್ತೆಂಬುದನ್ನು ಒಂಬತ್ತು ವರ್ಷದ ಹುಡುಗ ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಗ್ರಹಿಸುತ್ತಾನೆ.

ಮಿಷನ್ನಿನಿಂದ ಸ್ವಲ್ಪ ದೂರದಲ್ಲಿ, ವಾಷಿಂಗ್ಟನ್ ರಸ್ತೆಯಲ್ಲಿ, ಓಲೋನಿ ಜನರ ಸಮಾಧಿ ಭೂಮಿಯಿದೆ. ಸಾವಿರಾರು ಜನ ಅಲ್ಲಿ ಮಣ್ಣಾಗಿದ್ದಾರೆ. ಮುಂದಿನ ಸಲ ಅಲ್ಲಿಯೂ ಐದು ನಿಮಿಷ ನಿಂತು ಬನ್ನಿ. ‘ಸಂತೋಷವಾಗಿದ್ದರಾ’ ಎಂಬ ಪ್ರಶ್ನೆಗೆ, ಕೆಲವರು ಕೆಲವು ಹೊತ್ತು ಇದ್ದಿರಬಹುದು, ಬಹಳ ಜನ ಇರಲಿಲ್ಲ, ಹೊರಟುಹೋಗಲು ಅವರಿಗೆ ಬಿಡಲಿಲ್ಲ ಎಂದು ಹೇಳಿ. ಅದು ನಿಜವಾದ ಉತ್ತರ, ಮಗುವಿಗೆ ಹೇಳಬಾರದ ಉತ್ತರವೂ ಅಲ್ಲ.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಅಧ್ಯಾಪಕ. ಮುಂದಿನ ಬೇಸಿಗೆಯಲ್ಲಿ ಸ್ಯಾನ್ ಹೋಸೆ ನಗರದಲ್ಲಿರುವ ಮಗಳ ಮನೆಗೆ ನಾವು ದಂಪತಿ ಹೋಗುತ್ತಿದ್ದೇವೆ. ಇಪ್ಪತ್ತೊಂದನ್ನೂ ನೋಡುವ ಶಕ್ತಿ ನಮಗಿಲ್ಲ. ನಾಲ್ಕೈದು ಕಡೆ ಹೋಗುವುದಾದರೆ ಯಾವುದನ್ನು ಆರಿಸಿಕೊಳ್ಳಬೇಕು?
(ನಿವೃತ್ತ ಅಧ್ಯಾಪಕರು, ಶಿವಮೊಗ್ಗ)

ಉತ್ತರ: ಮಾನ್ಯರೇ, ಇಪ್ಪತ್ತೊಂದು ಮಿಷನ್‌ಗಳು ಸ್ಯಾನ್ ಡಿಯಾಗೊದಿಂದ ಸೊನೋಮಾದವರೆಗೆ ಸುಮಾರು 600 ಮೈಲಿಗಳಲ್ಲಿ ಹರಡಿವೆ. 101ನೆಯ ಹೆದ್ದಾರಿಯಲ್ಲಿ ಹೋಗುವಾಗ ಬಾಗಿದ ಕಬ್ಬಿಣದ ಕಂಬಕ್ಕೆ ತೂಗಿಬಿಟ್ಟ ಗಂಟೆಗಳು ಅಲ್ಲಲ್ಲಿ ಕಾಣುತ್ತವೆ. ಅವು ಸ್ಪ್ಯಾನಿಷರ ಕಾಲದವಲ್ಲ. ‘ರಾಜಮಾರ್ಗ’ ಎಂದು ಆ ದಾರಿಯನ್ನು ಗುರುತಿಸಲು 1906ರಿಂದ ನೆಟ್ಟವು. ಆ ಹೊತ್ತಿಗೆ ಪಾಳುಬಿದ್ದ ಮಿಷನ್‌ಗಳ ಮೇಲೆ ಅಮೆರಿಕನ್ನರಿಗೆ ಒಂದು ಬಗೆಯ ಮೋಹ ಹುಟ್ಟಿತ್ತು. ಇವತ್ತು ಅಲ್ಲಿ ನಾವು ಕಾಣುವ ಗುಲಾಬಿ, ಕಾರಂಜಿಗಳ ಅಂಗಳಗಳೂ ಬಹುಪಾಲು ಆ ಮೋಹದ ಬೆಳೆ. ಹಿಂದೆ ಅದೇ ಅಂಗಳದಲ್ಲಿ ತೊಗಲು ಒಣಗುತ್ತಿತ್ತು, ಕೊಬ್ಬು ಕುದಿಯುತ್ತಿತ್ತು, ಕಮ್ಮಾರನ ತಿದಿ ಊದುತ್ತಿತ್ತು. ನೋಡುವಾಗ ಈ ಒಂದು ಮಾತು ನೆನಪಿನಲ್ಲಿದ್ದರೆ ಸಾಕು, ಕಣ್ಣು ತಾನಾಗಿಯೇ ಬೇರೆ ಕಡೆ ಹೊರಳುತ್ತದೆ.

ಒಂದನ್ನೇ ನೋಡುವುದಾದರೆ ಸ್ಯಾನ್ ಹುವಾನ್ ಬೌಟಿಸ್ಟಾ ನೋಡಿ. ನಿಮ್ಮ ಮಗಳ ಮನೆಯಿಂದ ಒಂದು ಗಂಟೆಯೊಳಗಿನ ಪ್ರಯಾಣ. 1797ರಲ್ಲಿ ಸ್ಥಾಪನೆಯಾದ ಇದರ ಚರ್ಚಿನಲ್ಲಿ ಮೂರು ಅಂಕಣಗಳಿವೆ. ಒಳಗೆ ಹೋದ ಕೂಡಲೇ ಎಲ್ಲರೂ ಬಲಿಪೀಠವನ್ನು ನೋಡುತ್ತಾರೆ. ನೀವು ಮೊದಲು ನೆಲ ನೋಡಿ. ಸುಟ್ಟ ಮಣ್ಣಿನ ಹಾಸುಬಿಲ್ಲೆಗಳಲ್ಲಿ ಅಲ್ಲಲ್ಲಿ ಪ್ರಾಣಿಗಳ ಹೆಜ್ಜೆಗಳು ಮೂಡಿವೆ. ಹಸಿ ಬಿಲ್ಲೆಗಳನ್ನು ಬಿಸಿಲಿಗೆ ಹರವಿದ್ದಾಗ ಅವು ತುಳಿದು ಹೋದವು, ಯಾರೂ ಅಳಿಸಲಿಲ್ಲ, ಹಾಗೆಯೇ ಸುಟ್ಟು ಹಾಸಿದರು. ನಾನು ಆ ಹೆಜ್ಜೆಯ ಮುಂದೆ ಬಹಳ ಹೊತ್ತು ನಿಂತೆ. ಪ್ರಾಣಿಯ ಕಾಲಿನ ಗುರುತು ಇನ್ನೂರು ವರ್ಷ ಉಳಿದಿದೆ, ಬಿಲ್ಲೆ ತಟ್ಟಿದ ಕೈ ಯಾರದೆಂದು ಹೇಳುವ ಗುರುತು ಒಂದೂ ಅದರ ಮೇಲಿಲ್ಲ. ಚರ್ಚಿನ ಉತ್ತರದ ಗೋಡೆಯಾಚೆ ಆಲಿವ್ ಮರಗಳ ಕೆಳಗೆ ಸಮಾಧಿ ಭೂಮಿಯಿದೆ. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದಾರೆ, ಬಹುಪಾಲು ಮೂಲನಿವಾಸಿಗಳು. ಅದರ ಅಂಚಿನಲ್ಲಿಯೇ ನೆಲ ತಟ್ಟನೆ ತಗ್ಗಾಗುತ್ತದೆ. ಅದು ಸ್ಯಾನ್ ಆಂಡ್ರಿಯಾಸ್ ಬಿರುಕು. ಭೂಮಿಯ ಎರಡು ದೊಡ್ಡ ಫಲಕಗಳು ಒಂದನ್ನೊಂದು ಉಜ್ಜುವ ಗೆರೆಯ ಮೇಲೆ ಈ ಮಿಷನ್ ಕುಳಿತಿದೆ.

ಎರಡನೆಯದಾಗಿ ಸಾಂಟಾ ಕ್ರೂಜ್. ಇಲ್ಲಿ ಜನ ತಪ್ಪು ಮಾಡುತ್ತಾರೆ. ಅಲ್ಲಿರುವ ಚರ್ಚ್ 1930ರ ದಶಕದಲ್ಲಿ ಕಟ್ಟಿದ, ಮೂಲದ ಅರ್ಧ ಅಳತೆಯ ಪ್ರತಿಕೃತಿ; ಅದನ್ನು ನೋಡಿ ತಿರುಗಿ ಹೋದರೆ ನಷ್ಟ. ಪಕ್ಕದಲ್ಲಿ ರಾಜ್ಯದ ಉದ್ಯಾನ ಇಲಾಖೆ ಕಾಪಾಡಿರುವ ಹಸಿ ಇಟ್ಟಿಗೆಯ ಒಂದು ಉದ್ದ ಮನೆಸಾಲು ಇದೆ. ಮಿಷನ್ನಿನ ಮೂಲನಿವಾಸಿ ಕುಟುಂಬಗಳು ವಾಸಿಸಿದ ಕೋಣೆಗಳಲ್ಲಿ ಕ್ಯಾಲಿಫೋರ್ನಿಯಾದಾದ್ಯಂತ ಇವತ್ತಿಗೂ ನಿಂತಿರುವುದು ಇದೊಂದೇ. ಪಾದ್ರಿಗಳ ಮನೆಗಳು ಎಷ್ಟೋ ಉಳಿದಿವೆ. ದುಡಿದವರ ಮನೆ ಇದೊಂದು ಉಳಿದಿದೆ. ಆ ಕೋಣೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆಯಿರಿ.

ಕಾರ್ಮೆಲ್ ಚೆಲುವಾದ ಜಾಗ. 1797ರಲ್ಲಿ ಮುಗಿದ ಕಲ್ಲಿನ ಚರ್ಚ್, ನಕ್ಷತ್ರದಾಕಾರದ ಕಿಟಕಿ, ಒಳಗೆ ಮೊದಲ ಮಿಷನ್‌ಗಳನ್ನು ಸ್ಥಾಪಿಸಿದ ಪಾದ್ರಿ ಹುನಿಪೆರೊ ಸೆರಾ ಅವರ ಸಮಾಧಿ. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಡೊಲೊರೆಸ್ 1791ರ ಕಟ್ಟಡ, 1906ರ ಭೂಕಂಪವನ್ನೂ ಬೆಂಕಿಯನ್ನೂ ದಾಟಿ ಬಂದದ್ದು. ಅದರ ಚಾವಣಿಯ ತೊಲೆಗಳಿಗೆ ಹಚ್ಚಿದ ಬಣ್ಣದ ಪಟ್ಟೆಗಳಲ್ಲಿ ಓಲೋನಿ ಬುಟ್ಟಿಗಳ ವಿನ್ಯಾಸವಿದೆ, ಕತ್ತೆತ್ತಿ ನೋಡುವುದನ್ನು ಮರೆಯಬೇಡಿ. ಸಾಂಟಾ ಕ್ಲಾರಾ ಮಗಳ ಮನೆಗೆ ಅತಿ ಹತ್ತಿರ, ಆದರೆ ಅದರ ಚರ್ಚ್ 1926ರಲ್ಲಿ ಸುಟ್ಟ ಮೇಲೆ ಕಟ್ಟಿದ್ದು; ಸಂಜೆಯ ನಡಿಗೆಗೆ ಸಾಕು. ದಕ್ಷಿಣಕ್ಕೆ ಹೋಗುವ ಅವಕಾಶವಾದರೆ ಸ್ಯಾನ್ ಮಿಗೆಲ್‌ನಲ್ಲಿ ನಿಲ್ಲಿಸಿ. ಅಲ್ಲಿನ ಒಳಗೋಡೆಗಳ ಚಿತ್ರಗಳನ್ನು ಮೂಲನಿವಾಸಿ ಕಲಾವಿದರು ಸ್ಪ್ಯಾನಿಷ್ ಚಿತ್ರಕಾರನೊಬ್ಬನ ಮಾರ್ಗದರ್ಶನದಲ್ಲಿ 1820ರ ದಶಕದಲ್ಲಿ ಬರೆದರು; ಆಮೇಲೆ ಯಾರೂ ಅವುಗಳ ಮೇಲೆ ಬಣ್ಣ ಬಳಿದಿಲ್ಲ. ಉತ್ತರದ ತುದಿಯ ಸೊನೋಮಾದಲ್ಲಿ, ಅಲ್ಲಿ ಸತ್ತ ಎಂಟುನೂರಕ್ಕೂ ಹೆಚ್ಚು ಮೂಲನಿವಾಸಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಹೆಸರುಗಳೆಲ್ಲ ಸ್ಪ್ಯಾನಿಷ್, ಏಕೆಂದರೆ ದೀಕ್ಷೆಯ ದಿನ ಕೊಟ್ಟ ಹೆಸರುಗಳವು. ಓದುತ್ತ ಹೋದರೆ ಎಷ್ಟೊಂದು ಮಕ್ಕಳು ಎಂದು ತಿಳಿಯುತ್ತದೆ.

ಇವುಗಳಲ್ಲಿ ಬಹುಪಾಲು ಇಂದಿಗೂ ಪೂಜೆ ನಡೆಯುವ ಚರ್ಚುಗಳು. ಬಲಿಪೂಜೆಯ ಹೊತ್ತಿನಲ್ಲಿ ಫೋಟೊ ತೆಗೆಯುತ್ತ ಓಡಾಡುವುದು ಬೇಡ. ಸಮಾಧಿ ಭೂಮಿಯಲ್ಲಿ ಗುರುತಿನ ಕಲ್ಲಿಲ್ಲದ ಹುಲ್ಲಿನ ಮೇಲೂ ಕಾಲಿಡದಿರುವುದು ಒಳ್ಳೆಯದು, ಹೆಚ್ಚಿನವರಿಗೆ ಕಲ್ಲು ಇಟ್ಟೇ ಇಲ್ಲ.

ಪ್ರಶ್ನೆ: ನಾನು ಕ್ಯಾಥೊಲಿಕ್ ಕುಟುಂಬದವನು. ಸಂತ ಹುನಿಪೆರೊ ಸೆರಾ ಅವರ ಪ್ರತಿಮೆಗಳನ್ನು 2020ರಲ್ಲಿ ಹಗ್ಗ ಕಟ್ಟಿ ಉರುಳಿಸಿದ ದೃಶ್ಯವನ್ನು ನೋಡಿ ನನಗೆ ಬಹಳ ನೋವಾಯಿತು. ಎಲ್ಲವನ್ನೂ ಬಿಟ್ಟು ದೇವರ ಕೆಲಸಕ್ಕೆ ಹೋದವರನ್ನು ಹೀಗೆ ಅವಮಾನಿಸುವುದು ನ್ಯಾಯವೆ? ನಿಮ್ಮ ಅಭಿಪ್ರಾಯವೇನು?
(ಒಬ್ಬ ಓದುಗರು, ಮಂಗಳೂರು)

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದ್ದರಿಂದ ನನಗೆ ತಿಳಿದದ್ದನ್ನು ಎರಡೂ ಕಡೆಯಿಂದ ಹೇಳಿ ಆಮೇಲೆ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ.

ಸೆರಾ ಹುಟ್ಟಿದ್ದು 1713ರಲ್ಲಿ, ಮಯೋರ್ಕಾ ದ್ವೀಪದ ಪೆತ್ರಾ ಎಂಬ ಊರಿನ ರೈತರ ಮನೆಯಲ್ಲಿ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಹೆಸರು ಮಾಡಿದ್ದವರು ಅದನ್ನು ಬಿಟ್ಟು 1749ರಲ್ಲಿ ಮೆಕ್ಸಿಕೋಗೆ ಬಂದರು. ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಅವರಿಗೆ ಐವತ್ತೈದು ದಾಟಿತ್ತು; ಕಾಲಿನ ಹುಣ್ಣು ಸಾಯುವವರೆಗೆ ವಾಸಿಯಾಗಲಿಲ್ಲ. ಒಂಬತ್ತು ಮಿಷನ್‌ಗಳನ್ನು ಸ್ಥಾಪಿಸಿ 1784ರ ಆಗಸ್ಟ್ 28ರಂದು ಕಾರ್ಮೆಲ್‌ನಲ್ಲಿ ತೀರಿಕೊಂಡರು. ಸೈನಿಕರು ಮೂಲನಿವಾಸಿ ಹೆಂಗಸರ ಮೇಲೆ ನಡೆಸುತ್ತಿದ್ದ ಅತ್ಯಾಚಾರಗಳನ್ನು ಕಂಡು ಬರೆದು ದೂರಿದವರು ಅವರು; ಸೇನಾಧಿಕಾರಿಯ ವಿರುದ್ಧ ವಾದಿಸಲು 1773ರಲ್ಲಿ ರೋಗಿಷ್ಠ ದೇಹವನ್ನು ಎಳೆದುಕೊಂಡು ಮೆಕ್ಸಿಕೋ ನಗರಕ್ಕೇ ಹೋದರು. 1775ರ ನವೆಂಬರಿನಲ್ಲಿ ಕುಮಿಯಾಯ್ ಜನ ಸ್ಯಾನ್ ಡಿಯಾಗೊ ಮಿಷನ್ನನ್ನು ಸುಟ್ಟು, ಲುಯಿಸ್ ಹಾಯ್ಮೆ ಎಂಬ ಪಾದ್ರಿಯನ್ನು ಕೊಂದಾಗಲೂ, ಸೆರೆಸಿಕ್ಕವರಿಗೆ ಮರಣದಂಡನೆ ಬೇಡವೆಂದು ವೈಸ್‌ರಾಯ್‌ಗೆ ಬರೆದರು.

ಅದೇ ಸೆರಾ, 1780ರಲ್ಲಿ ಗವರ್ನರನಿಗೆ ಬರೆದ ಪತ್ರದಲ್ಲಿ, ಆತ್ಮಿಕ ತಂದೆಯರು ತಮ್ಮ ಮಕ್ಕಳಾದ ಇಂಡಿಯನ್ನರನ್ನು ಹೊಡೆದು ತಿದ್ದುವುದು ಈ ಖಂಡವನ್ನು ಗೆದ್ದಷ್ಟೇ ಹಳೆಯ ರೂಢಿಯೆಂದು ಸಮರ್ಥಿಸಿದರು. ದೊಡ್ಡವರನ್ನು ಜೀವನಪೂರ್ತಿ ಮಕ್ಕಳೆಂದು ಎಣಿಸುವುದರಲ್ಲಿಯೇ ಎಲ್ಲ ಕೇಡೂ ಇತ್ತು ಎಂಬುದು ನನ್ನ ತಿಳಿವಳಿಕೆ. ಆ ಕಾಲದವರಿಗೆ ಅದು ತಪ್ಪೆಂದು ಗೊತ್ತಿರಲಿಲ್ಲ ಎಂದು ಹೇಳುವಂತೆಯೂ ಇಲ್ಲ. ಸೆರಾ ತೀರಿಕೊಂಡ ಎರಡು ವರ್ಷಕ್ಕೆ, 1786ರಲ್ಲಿ, ಫ್ರೆಂಚ್ ನಾವಿಕ ಲಾ ಪೆರೂಸ್ ಕಾರ್ಮೆಲ್‌ಗೆ ಬಂದು, ಕೋಳ ತೊಟ್ಟ ಗಂಡಸರನ್ನೂ ಹೆಂಗಸರನ್ನೂ ಕಂಡು, ಕೆರಿಬಿಯನ್ ದ್ವೀಪಗಳ ಗುಲಾಮರ ತೋಟಗಳು ತನಗೆ ನೆನಪಾದವೆಂದು ಬರೆದ. ಪಾದ್ರಿಗಳು ಸಜ್ಜನರೆಂದೂ ಅವನೇ ಬರೆದಿದ್ದಾನೆ. 1798ರಲ್ಲಿ ಸ್ಯಾನ್ ಮಿಗೆಲ್‌ನ ಪಾದ್ರಿ ಆಂತೋನಿಯೊ ಹೊರ್ರಾ ತಮ್ಮ ಸಂಘದವರೇ ಜನರನ್ನು ಕ್ರೂರವಾಗಿ ನಡೆಸಿಕೊಳ್ಳುತ್ತಿದ್ದಾರೆಂದು ಮೆಕ್ಸಿಕೋಗೆ ದೂರು ಬರೆದಾಗ, ಅವರಿಗೆ ಬುದ್ಧಿಭ್ರಮೆಯೆಂದು ಹೇಳಿ ಕಳುಹಿಸಿಬಿಟ್ಟರು. ಮೂಲನಿವಾಸಿಗಳಂತೂ ಮೊದಲಿನಿಂದಲೇ ಹೇಳುತ್ತಿದ್ದರು. 1785ರಲ್ಲಿ ಸ್ಯಾನ್ ಗೇಬ್ರಿಯಲ್ ಮಿಷನ್ನಿನ ಮೇಲೆ ದಂಗೆಗೆ ಜನರನ್ನು ಎಬ್ಬಿಸಿದವರಲ್ಲಿ ತೋಯ್ಪುರಿನಾ ಎಂಬ ಟೊಂಗ್ವಾ ಜನಾಂಗದ ಯುವತಿಯಿದ್ದಳು. 1824ರಲ್ಲಿ ಚುಮಾಶ್ ಜನ ಏಕಕಾಲಕ್ಕೆ ಮೂರು ಮಿಷನ್‌ಗಳಲ್ಲಿ ದಂಗೆಯೆದ್ದರು.

2015ರ ಸೆಪ್ಟೆಂಬರ್ 23ರಂದು ವಾಷಿಂಗ್ಟನ್‌ನಲ್ಲಿ ಪೋಪ್ ಫ್ರಾನ್ಸಿಸ್ ಸೆರಾ ಅವರಿಗೆ ಸಂತ ಪದವಿ ನೀಡಿದರು. ಅದಕ್ಕೆ ಎರಡು ತಿಂಗಳ ಹಿಂದೆ ಬೊಲಿವಿಯಾದಲ್ಲಿ ಅದೇ ಪೋಪ್, ಅಮೆರಿಕ ಖಂಡಗಳನ್ನು ಗೆದ್ದ ಕಾಲದಲ್ಲಿ ಮೂಲನಿವಾಸಿಗಳ ಮೇಲೆ ಚರ್ಚ್ ಮಾಡಿದ ಅಪರಾಧಗಳಿಗೆ ಕ್ಷಮೆ ಬೇಡಿದ್ದರು. ನಾನು ಎರಡನೆಯದನ್ನು ಹೆಚ್ಚು ದೊಡ್ಡ ಮಾತೆಂದು ಭಾವಿಸುತ್ತೇನೆ.

ಗುಂಪು ಸೇರಿ ಪ್ರತಿಮೆ ಉರುಳಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಹಗ್ಗ ಹಿಡಿದವರಲ್ಲಿ ಮಿಷನ್‌ಗಳಲ್ಲಿ ಸತ್ತವರ ಮರಿಮಕ್ಕಳ ಮಕ್ಕಳಿದ್ದರು, ಅವರಿಗೆ ಆ ಪ್ರತಿಮೆ ಪ್ರತಿದಿನದ ಅವಮಾನವಾಗಿತ್ತು ಎಂಬುದನ್ನು ನೀವೂ ಒಂದು ಕ್ಷಣ ಎಣಿಸಬೇಕು. ಸ್ಯಾಕ್ರಮೆಂಟೊದಲ್ಲಿ ಶಾಸನಸಭೆಯ ಉದ್ಯಾನದಲ್ಲಿದ್ದ ಪ್ರತಿಮೆ ಹೋದ ಮೇಲೆ, 2021ರ ಕಾನೂನಿನಂತೆ ಅಲ್ಲಿ ಮೂಲನಿವಾಸಿಗಳ ಸ್ಮಾರಕವನ್ನು ನಿಲ್ಲಿಸಿದರು. ಹಾಗೆ ಸಭೆ ಕೂಡಿ, ಮಾತಾಡಿ, ಕಾನೂನಿನ ಮೂಲಕ ಬದಲಿಸುವುದೇ ಸರಿಯಾದ ದಾರಿ. ಅದು ಐವತ್ತು ವರ್ಷ ಮೊದಲೇ ಆಗಿದ್ದರೆ ಹಗ್ಗದ ಅಗತ್ಯವೇ ಬೀಳುತ್ತಿರಲಿಲ್ಲ. ನೀವು ಸೆರಾ ಅವರಿಗೆ ಪ್ರಾರ್ಥಿಸುವುದಾದರೆ ಪ್ರಾರ್ಥಿಸಿ. ಕಾರ್ಮೆಲ್‌ಗೆ ಹೋದ ದಿನ ಹೊರಗಿನ ಸಮಾಧಿ ಭೂಮಿಯಲ್ಲಿರುವವರಿಗಾಗಿಯೂ ಒಂದು ಜಪಮಾಲೆ ಹೇಳಿ.

ಪ್ರಶ್ನೆ: ಮಿಷನ್‌ಗಳಲ್ಲಿ ಜನ ಸತ್ತದ್ದು ರೋಗದಿಂದ, ಅದಕ್ಕೆ ಪಾದ್ರಿಗಳನ್ನು ದೂರುವುದು ತಪ್ಪು ಎಂದು ಸ್ನೇಹಿತನೊಬ್ಬ ವಾದಿಸುತ್ತಾನೆ. ಅವನ ಮಾತು ನಿಜವೆ?
(ಬಿ.ಎ. ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಅರ್ಧ ನಿಜ. ದಡಾರ, ಆಮಶಂಕೆ, ಕ್ಷಯ, ನಮ್ಮ ಹಿರಿಯರು ‘ಪರಂಗಿ ಹುಣ್ಣು’ ಎಂದು ಕರೆಯುತ್ತಿದ್ದ ಮೇಹರೋಗ, ಇವುಗಳಿಂದಲೇ ಹೆಚ್ಚು ಜನ ಸತ್ತರು. 1806ರ ದಡಾರವಂತೂ ಕೆಲವು ಮಿಷನ್‌ಗಳಲ್ಲಿ ಮಕ್ಕಳ ಪೀಳಿಗೆಯನ್ನೇ ಒಯ್ದಿತು. ಆದರೆ ರೋಗ ತಾನೊಂದೇ ಕೊಲ್ಲುವುದಿಲ್ಲ. ಚದುರಿ ಬದುಕುತ್ತಿದ್ದವರನ್ನು ಒಂದೆಡೆ ಕೂಡಿ, ಬೀಗ ಹಾಕಿ ಮಲಗಿಸಿ, ಹಳೆಯ ಆಹಾರ ಬಿಡಿಸಿ, ಬೆನ್ನು ಮುರಿಯುವಷ್ಟು ದುಡಿಸಿ, ಓಡಿಹೋಗದಂತೆ ಕಾದರೆ ಅದೇ ರೋಗ ಎರಡರಷ್ಟು ಕೊಲ್ಲುತ್ತದೆ. ವರ್ಷ ವರ್ಷವೂ ಹುಟ್ಟಿಗಿಂತ ಸಾವು ಹೆಚ್ಚಾಗುತ್ತಿರುವುದನ್ನು ಪಾದ್ರಿಗಳು ತಮ್ಮ ಕೈಯಿಂದಲೇ ದಾಖಲೆ ಪುಸ್ತಕಗಳಲ್ಲಿ ಬರೆದರು, ಬರೆದೂ ವ್ಯವಸ್ಥೆಯನ್ನು ಬದಲಿಸಲಿಲ್ಲ. ಸಂಶೋಧಕರು ಆ ಪುಸ್ತಕಗಳನ್ನು ಕೂಡಿಸಿ ನೋಡಿದಾಗ 1769ರಿಂದ 1850ರವರೆಗೆ ಸುಮಾರು ಒಂದು ಲಕ್ಷ ದೀಕ್ಷಾಸ್ನಾನಗಳೂ 71,000 ಸಮಾಧಿಗಳೂ ಲೆಕ್ಕಕ್ಕೆ ಸಿಕ್ಕವು. ನಿಮ್ಮ ಸ್ನೇಹಿತನಿಗೆ ಈ ಎರಡು ಸಂಖ್ಯೆಗಳನ್ನು ತೋರಿಸಿ.

ಇನ್ನೊಂದು ಮಾತನ್ನೂ ಸೇರಿಸಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ. ಸ್ಪ್ಯಾನಿಷರು ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಮೂರು ಲಕ್ಷ ಮೂಲನಿವಾಸಿಗಳಿದ್ದರೆಂದು ಅಂದಾಜು. ಅಮೆರಿಕನ್ನರು ಬರುವ ಹೊತ್ತಿಗೆ, ಅಂದರೆ 1846ರಲ್ಲಿ, ಅದು ಅರ್ಧಕ್ಕೆ ಇಳಿದಿತ್ತು. 1870ಕ್ಕೆ ಉಳಿದವರು ಸುಮಾರು ಮೂವತ್ತು ಸಾವಿರ. ಚಿನ್ನ ಸಿಕ್ಕ ಮೇಲೆ ಬಂದ ಹೊಸಬರು ಬಂದೂಕಿನಿಂದಲೇ ಊರುಗಳನ್ನು ಮುಗಿಸಿದರು, ಸರ್ಕಾರ ಆ ದಂಡಯಾತ್ರೆಗಳಿಗೆ ಹಣ ಕೊಟ್ಟಿತು. ಮಿಷನ್‌ಗಳ ಬಗ್ಗೆ ಮಾತ್ರ ಮರುಗಿ ಆ ಇಪ್ಪತ್ತೈದು ವರ್ಷಗಳ ಬಗ್ಗೆ ಸುಮ್ಮನಿರುವವರನ್ನೂ ನಾನು ಕಂಡಿದ್ದೇನೆ.

ಪ್ರಶ್ನೆ: ಟೆಕ್ಸಸ್‌ನ ಅಲಾಮೊ ಕೂಡ ಮಿಷನ್ ಆಗಿತ್ತೆ?
(ಓದುಗರು, ಡಲ್ಲಾಸ್)

ಉತ್ತರ: ಹೌದು. 1718ರಲ್ಲಿ ಸ್ಯಾನ್ ಆಂತೋನಿಯೊ ದೆ ವಲೇರೊ ಎಂಬ ಹೆಸರಿನಲ್ಲಿ ಆರಂಭವಾದ ಮಿಷನ್ ಅದು. ಟೆಕ್ಸಸ್ ಮೆಕ್ಸಿಕೋದಿಂದ ಬೇರೆಯಾಗಲು ಹೋರಾಡಿದಾಗ ಅಲ್ಲಿ ನಡೆದ 1836ರ ಯುದ್ಧ ಅದರ ಉಳಿದ ಕಥೆಯನ್ನೆಲ್ಲ ಮರೆಮಾಡಿತು. ಅದನ್ನೂ ನದಿಯ ಉದ್ದಕ್ಕಿರುವ ಇನ್ನು ನಾಲ್ಕು ಮಿಷನ್‌ಗಳನ್ನೂ ಸೇರಿಸಿ 2015ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎಸ್ಪಾದಾ ಮಿಷನ್ನಿನ ಹತ್ತಿರ ಹದಿನೆಂಟನೆಯ ಶತಮಾನದ ಕಲ್ಲಿನ ಮೇಲ್ಗಾಲುವೆಯಿದೆ, ಹೋದರೆ ಅದನ್ನು ನೋಡಿ.

ಪ್ರಶ್ನೆ: ಬಾಸೆಲ್ ಮಿಷನ್ನಿನ ಕಿಟೆಲ್ ನಮಗೆ 1894ರಲ್ಲಿ ನಿಘಂಟು ಕೊಟ್ಟರು. ಸ್ಪ್ಯಾನಿಷ್ ಪಾದ್ರಿಗಳು ಅಂಥ ಕೆಲಸವನ್ನೇನಾದರೂ ಮಾಡಿದರೆ? ಆ ಜನರೂ ಅವರ ಭಾಷೆಗಳೂ ಈಗ ಉಳಿದಿವೆಯೆ?
(ಒಬ್ಬ ಭಾಷಾಸಕ್ತರು, ಧಾರವಾಡ)

ಉತ್ತರ: ಬಹಳ ಹಿತವಾದ ಪ್ರಶ್ನೆ. ಹೋಲಿಕೆ ಮಾತ್ರ ಪೂರ್ತಿ ಕೂಡಿಬರುವುದಿಲ್ಲ. ಕಿಟೆಲ್ ಅವರು ಬಂದಾಗ ಕನ್ನಡಕ್ಕೆ ಸಾವಿರ ವರ್ಷಗಳ ಬರಹವಿತ್ತು, ಲಕ್ಷಾಂತರ ಮಾತುಗಾರರಿದ್ದರು; ಅವರು ನಿಘಂಟು ಬರೆಯದಿದ್ದರೂ ನಮ್ಮ ಭಾಷೆ ಬದುಕಿರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸುಮಾರು ನೂರು ಭಾಷೆಗಳಿದ್ದವು, ಹಲವನ್ನು ಆಡುವವರು ಕೆಲವೇ ಸಾವಿರ ಜನ.

ಸ್ಯಾನ್ ಹುವಾನ್ ಬೌಟಿಸ್ಟಾದಲ್ಲಿ 1808ರಿಂದ ಇಪ್ಪತ್ತೈದು ವರ್ಷ ಇದ್ದ ಫೆಲಿಪೆ ಅರೊಯೊ ದೆ ಲಾ ಕ್ವೆಸ್ತಾ ಎಂಬ ಪಾದ್ರಿ ಅಲ್ಲಿಯ ಮುತ್ಸುನ್ ಭಾಷೆಯನ್ನು ಕಲಿತು, ಅದರ ವ್ಯಾಕರಣವನ್ನೂ 2,800ಕ್ಕೂ ಹೆಚ್ಚು ಪದಗುಚ್ಛಗಳನ್ನೂ ಬರೆದಿಟ್ಟರು. ಒಂದು ಕಡೆ ಆ ಭಾಷೆಯವರ ಬದುಕನ್ನು ಮುರಿದ ವ್ಯವಸ್ಥೆಯ ಭಾಗವಾಗಿದ್ದವರು, ಇನ್ನೊಂದು ಕಡೆ ಆ ಭಾಷೆಯನ್ನು ಪ್ರೀತಿಯಿಂದ ಕಿವಿಗೊಟ್ಟು ಕೇಳಿದವರೂ ಹೌದು. ಸ್ಯಾನ್ ಲುಯಿಸ್ ರೇ ಮಿಷನ್ನಿನಲ್ಲಿ 1822ರಲ್ಲಿ ಹುಟ್ಟಿದ ಪಾಬ್ಲೊ ತಾಕ್ ಎಂಬ ಲುಯಿಸೆನ್ಯೊ ಹುಡುಗ ಪಾದ್ರಿಯೊಂದಿಗೆ ರೋಮ್‌ಗೆ ಹೋಗಿ, ಅಲ್ಲಿ ಓದುತ್ತಲೇ ತನ್ನ ಭಾಷೆಯ ವ್ಯಾಕರಣವನ್ನೂ ತನ್ನ ಜನರ ನಡೆನುಡಿ, ಕುಣಿತ, ಆಟಗಳನ್ನೂ ಬರೆದ. ಮಿಷನ್‌ಗಳ ಒಳಗಿನಿಂದ ಮೂಲನಿವಾಸಿಯೊಬ್ಬ ಸ್ವಂತ ಕೈಯಿಂದ ಬರೆದದ್ದು ನಮಗೆ ಸಿಕ್ಕಿರುವುದು ಇಷ್ಟೇ ಎನ್ನಬಹುದು. ಇಪ್ಪತ್ತು ತುಂಬುವ ಮೊದಲೇ, 1841ರಲ್ಲಿ, ಅವನು ರೋಮ್‌ನಲ್ಲಿ ತೀರಿಕೊಂಡ.

ಜನ ಉಳಿದಿದ್ದಾರೆಯೆ ಎಂದು ಕೇಳಿದಿರಿ. ಉಳಿದಿದ್ದಾರೆ. 1833ರಲ್ಲಿ ಮೆಕ್ಸಿಕೋ ಸರ್ಕಾರ ಮಿಷನ್‌ಗಳನ್ನು ಪಾದ್ರಿಗಳಿಂದ ಬಿಡಿಸಿತು. ಆಸ್ತಿಯಲ್ಲಿ ಅರ್ಧ ಮೂಲನಿವಾಸಿಗಳಿಗೆ ಸೇರಬೇಕೆಂದಿತ್ತು, ಸೇರಿದ್ದು ಹೆಚ್ಚಾಗಿ ಪ್ರಭಾವಿ ಜಮೀನುದಾರರಿಗೆ. ಅಮೆರಿಕ ಸರ್ಕಾರ 1851 ಮತ್ತು 1852ರಲ್ಲಿ ಅವರೊಂದಿಗೆ ಹದಿನೆಂಟು ಒಪ್ಪಂದಗಳಿಗೆ ಸಹಿ ಹಾಕಿಸಿತು, ಸೆನೆಟ್ ಒಂದನ್ನೂ ಒಪ್ಪಲಿಲ್ಲ, ಕಾಗದಗಳನ್ನು 1905ರವರೆಗೆ ಗುಟ್ಟಾಗಿಟ್ಟಿತು. ಸ್ಯಾನ್ ಹೋಸೆ, ಸಾಂಟಾ ಕ್ಲಾರಾ, ಡೊಲೊರೆಸ್ ಮಿಷನ್‌ಗಳಲ್ಲಿದ್ದವರ ವಂಶಸ್ಥರಾದ ಮುವೆಕ್ಮಾ ಓಲೋನಿ ಜನ ತಮ್ಮನ್ನು ಬುಡಕಟ್ಟೆಂದು ಗುರುತಿಸಬೇಕೆಂದು ಒಕ್ಕೂಟ ಸರ್ಕಾರವನ್ನು ದಶಕಗಳಿಂದ ಕೇಳುತ್ತಲೇ ಇದ್ದಾರೆ. ನಮ್ಮ ಎಷ್ಟೋ ಕನ್ನಡ ಕುಟುಂಬಗಳು ಮನೆ ಮಾಡಿಕೊಂಡಿರುವುದು ಅವರ ಹಿರಿಯರ ನೆಲದಲ್ಲಿ. ಸ್ಯಾನ್ ಹುವಾನ್ ಬೌಟಿಸ್ಟಾ ಮತ್ತು ಸಾಂಟಾ ಕ್ರೂಜ್‌ನವರ ವಂಶಸ್ಥರಾದ ಅಮಾ ಮುತ್ಸುನ್ ಜನ, ನಾನು ಮೇಲೆ ಹೇಳಿದ ಗಂಟೆಯ ಕಂಬಗಳು ತಮ್ಮ ಹಿರಿಯರನ್ನು ದುಡಿಸಿದ ಗಂಟೆಗಳ ನೆನಪೆಂದು ಹೇಳಿ, ಸಾಂಟಾ ಕ್ರೂಜ್ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ಒಂದನ್ನು 2019ರಲ್ಲಿ ತೆಗೆಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ರಾಜ್ಯದ ಪರವಾಗಿ ಮೂಲನಿವಾಸಿಗಳ ಕ್ಷಮೆ ಕೇಳಿದರು.

ಮುತ್ಸುನ್ ಭಾಷೆಯನ್ನು ಸರಾಗವಾಗಿ ಆಡುತ್ತಿದ್ದ ಕೊನೆಯವರು ಅಸೆನ್ಸಿಯೋನ್ ಸೊಲೊರ್ಸಾನೊ ಎಂಬ ವೃದ್ಧೆ. ಊರಿನವರಿಗೆ ಔಷಧಿ ಕೊಡುತ್ತಿದ್ದ ಆಕೆ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಹ್ಯಾರಿಂಗ್ಟನ್ ಎಂಬ ಭಾಷಾವಿಜ್ಞಾನಿ ಹಾಸಿಗೆಯ ಪಕ್ಕದಲ್ಲಿ ಕುಳಿತು ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡರು. 1930ರ ಜನವರಿಯಲ್ಲಿ ಆಕೆ ತೀರಿಕೊಂಡರು. ಪಾದ್ರಿಯ ಬರಹ, ಆ ಹಾಸಿಗೆಯ ಪಕ್ಕದ ಟಿಪ್ಪಣಿ, ಎರಡನ್ನೂ ಕೂಡಿಸಿ ಮುತ್ಸುನ್ ವಂಶಸ್ಥರು ಭಾಷಾವಿಜ್ಞಾನಿಗಳ ಜೊತೆ ದುಡಿದು ಈ ಶತಮಾನದಲ್ಲಿ ಒಂದು ನಿಘಂಟನ್ನು ಸಿದ್ಧಪಡಿಸಿದ್ದಾರೆ, ಅದರಿಂದ ಮಾತು ಕಲಿಯುತ್ತಿದ್ದಾರೆ.